ಇಲ್ಲದ ತೊಡೆನೋವು

ಸುಳ್ಳು ಹೇಳುವುದರಲ್ಲಿ ನಾನು ಜಾಣನಲ್ಲ. ಒಂದು ಸಣ್ಣ ಸುಳ್ಳು ಹೇಳಿದರೂ ಹೆಂಡತಿ ಮುಖ ನೋಡಿಯೇ ಹಿಡಿದುಬಿಡುತ್ತಾಳೆ. ಅಂಥ ನಾನು ಕೊಚ್ಚಿಯಲ್ಲಿ ಒಬ್ಬ ಜರ್ಮನ್ ಫುಟ್‌ಬಾಲ್ ಆಟಗಾರನ ತೊಡೆಯ ಬಗ್ಗೆ ನಾಲ್ಕು ತಿಂಗಳು ಸುಳ್ಳು ಬರೆದೆ. ಕ್ಲಬ್ಬು ನಂಬಿತು, ಪತ್ರಿಕೆಯವರು ನಂಬಿದರು, ಕೊನೆಕೊನೆಗೆ ನಾನೂ ಅರ್ಧ ನಂಬಿದ್ದೆ.

ಆ ಕ್ಲಬ್ಬು ಈಗ ಇಲ್ಲ. ಹಡಗಿನ ವ್ಯವಹಾರದ ಒಬ್ಬ ಧಣಿಗೆ ಫುಟ್‌ಬಾಲಿನ ಹುಚ್ಚು ಹಿಡಿದಿತ್ತು. ಮೂರು ಸೀಸನ್ ನಡೆಸಿ, ಹುಚ್ಚು ಬಿಟ್ಟ ಮೇಲೆ ಮುಚ್ಚಿದರು. ನಾನು ಅಲ್ಲಿ ಫಿಸಿಯೋ ಆಗಿದ್ದೆ. ಊರು ಕಾಸರಗೋಡಿನ ಕುಂಬಳೆಯ ಕಡೆ, ಓದಿದ್ದು ಮಂಗಳೂರಿನಲ್ಲಿ. ಹೆಂಡತಿ ಪುತ್ತೂರಿನವಳು, ತಿರುವನಂತಪುರದಲ್ಲಿ ಬಾಹ್ಯಾಕಾಶ ಸಂಸ್ಥೆಯೊಂದರಲ್ಲಿ ಕೆಲಸ. ಅಲ್ಲೇ ಪಟ್ಟಂ ಎಂಬಲ್ಲಿ ನಮ್ಮ ಫ್ಲ್ಯಾಟು. ವಾರಕ್ಕೊಮ್ಮೆ ನಾನು ರೈಲು ಹಿಡಿದು ಮನೆಗೆ ಹೋಗುತ್ತಿದ್ದೆ. ಮಗಳಿಗೆ ಆಗ ಎಂಟು ವರ್ಷ, ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದಳು.

ಫಿಸಿಯೋನ ಕೆಲಸದಲ್ಲಿ ಹೊರಗಿನವರಿಗೆ ಕಾಣುವುದು ಪಟ್ಟಿ ಕಟ್ಟುವುದು, ಐಸ್ ಇಡುವುದು, ಮೈದಾನಕ್ಕೆ ಓಡುವುದು. ನಿಜವಾದ ಕೆಲಸ ಬೆಳಿಗ್ಗೆ ಅಭ್ಯಾಸಕ್ಕೆ ಮೊದಲು ಕೋಚ್‌ಗೆ ಕಳಿಸುವ ಒಂದು ಪುಟದ ವರದಿ. ಯಾರು ಫಿಟ್, ಯಾರು ಅಲ್ಲ, ಅಲ್ಲದಿದ್ದರೆ ಎಲ್ಲಿ ನೋವು, ಎಷ್ಟು ದಿನ. ಕ್ಲಬ್ಬು ಪತ್ರಿಕೆಗಳಿಗೆ ಹೇಳುವುದೂ ಅದನ್ನೇ ನೋಡಿಕೊಂಡು. ಪಾದ, ಮೊಣಕಾಲು, ತೊಡೆ, ಸೊಂಟ, ಭುಜ, ಎಲ್ಲಕ್ಕೂ ಅದರಲ್ಲಿ ಜಾಗವಿತ್ತು. ನನ್ನ ವರದಿಯ ಪ್ರಕಾರ ಆಟಗಾರನೆಂದರೆ ಕುತ್ತಿಗೆಯಿಂದ ಕೆಳಗಿನ ಮನುಷ್ಯ.

ಆ ಜರ್ಮನ್ ಬರುವ ಮೊದಲೇ ಅವನ ಹಳೆಯ ಗಾಯಗಳ ಪಟ್ಟಿ ನನ್ನ ಕೈಗೆ ಬಂದಿತ್ತು. ಈಗಿನ ಕಾಲದಲ್ಲಿ ಆಟಗಾರರ ಗಾಯದ ಜಾತಕ ಅಂತರ್ಜಾಲದಲ್ಲೇ ಸಿಗುತ್ತದೆ. ವೈರಲ್ ಜ್ವರ, ಐದು ವಾರ. ಬೆನ್ನು, ಎರಡು ತಿಂಗಳು. ಮೊಣಕಾಲಿನ ಆಪರೇಷನ್, ಅರ್ಧ ಸೀಸನ್. ಮತ್ತೆ ವೈರಲ್, ಮತ್ತೆ ಬೆನ್ನು. ಅವನ ದೇಶದ ಅಭಿಮಾನಿಗಳು ಅವನನ್ನು ಗಾಜಿನ ಗೊಂಬೆ ಎಂದು ಗೇಲಿ ಮಾಡಿ ಬರೆದಿದ್ದರು. ಇಂಥವನನ್ನು ಯಾಕೆ ತರಿಸಿಕೊಳ್ಳುತ್ತಾರೆ ಎಂದು ನಾನು ಗೊಣಗಿದ್ದೆ.

ಬಂದ ದಿನವೇ ಅವನ ತಪಾಸಣೆ ಮಾಡಿದವನೂ ನಾನೇ. ಮೂವತ್ತೆರಡು ವರ್ಷ, ಬಾಗಿಲಿನ ಎತ್ತರದ ಡಿಫೆಂಡರ್, ಕಬ್ಬಿಣದಂಥ ಕಾಲು. ಮೊಣಕಾಲು ಮಡಚಿಸಿ, ಬಿಡಿಸಿ, ತಿರುಗಿಸಿ ನೋಡಿದೆ. ಆಪರೇಷನ್ನಿನ ಗುರುತು ಎಲ್ಲೂ ಇರಲಿಲ್ಲ. ಸಣ್ಣ ತೂತಿನಿಂದ ದುರ್ಬೀನು ಹಾಕಿ ಮಾಡಿದ ಆಪರೇಷನ್ನೇ ಆದರೂ ಒಂದೆರಡು ಚುಕ್ಕಿಯಷ್ಟಾದರೂ ಕಲೆ ಇರಲೇಬೇಕು. ನಾನೇನು ಮಾಡಿದೆ ಗೊತ್ತೆ? ಜರ್ಮನಿಯ ಸರ್ಜನ್ನರ ಕೈಚಳಕವನ್ನು ಹೊಗಳಿದೆ, ಅವನ ಮುಂದೆಯೇ. ಅವನು ಸೀಲಿಂಗ್ ನೋಡುತ್ತ ಮಲಗಿದ್ದವನು ಕಣ್ಣು ಮುಚ್ಚಿಕೊಂಡ. ಹದಿನಾಲ್ಕು ವರ್ಷ ಮೈ ಮುಟ್ಟಿ ಅನ್ನ ತಿಂದವನು ನಾನು, ಕಣ್ಣೆದುರಿನ ಮೊಣಕಾಲನ್ನು ಬಿಟ್ಟು ಕಾಗದವನ್ನು ನಂಬಿದೆ.

ಒಂದು ತಿಂಗಳು ಚೆನ್ನಾಗಿ ಆಡಿದ. ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಧಣಿಯ ಗೆಸ್ಟ್ ಹೌಸ್ ಇತ್ತು, ಅಲ್ಲೇ ಅವನಿಗೆ ಮೇಲಿನ ಕೋಣೆ ಕೊಟ್ಟಿದ್ದರು. ಬೆಳಿಗ್ಗೆ ಆರಕ್ಕೆ ಕ್ಲಬ್ಬಿನ ವ್ಯಾನು ಅಲ್ಲಿಂದ ಅವನನ್ನು ಹತ್ತಿಸಿಕೊಳ್ಳುತ್ತಿತ್ತು. ಅಕ್ಟೋಬರಿನ ಒಂದು ಬೆಳಿಗ್ಗೆ ಎಷ್ಟು ಹಾರ್ನ್ ಹಾಕಿದರೂ ಅವನು ಇಳಿದುಬರಲಿಲ್ಲ. ಡ್ರೈವರ್ ನನಗೆ ಫೋನ್ ಮಾಡಿದ, ನಾನು ಬೈಕಿನಲ್ಲಿ ಹೋದೆ.

ಬಾಗಿಲಿಗೆ ಬೀಗ ಹಾಕಿರಲಿಲ್ಲ. ಅವನು ಮಂಚದ ಅಂಚಿನಲ್ಲಿ ಕುಳಿತಿದ್ದ. ಒಂದು ಕಾಲಿಗೆ ಸಾಕ್ಸ್ ಹಾಕಿತ್ತು, ಇನ್ನೊಂದು ಸಾಕ್ಸ್ ಕೈಯಲ್ಲಿತ್ತು. ಎಷ್ಟು ಹೊತ್ತಿನಿಂದ ಹೀಗೆ ಎಂದು ಕೇಳಿದೆ. ಐದು ಗಂಟೆಯಿಂದ ಎಂದ. ಆಗ ಏಳೂವರೆ. ಕೈ ಇನ್ನೊಂದು ಕಾಲಿನವರೆಗೆ ಹೋಗುತ್ತಿಲ್ಲ, ಯಾಕೆ ಎಂದು ಕೇಳಬೇಡ ಎಂದ. ನಾವು ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ, ಇಬ್ಬರದೂ ಹರಕು ಇಂಗ್ಲಿಷು. ನಾನು ನೆಲದ ಮೇಲೆ ಕುಳಿತು ಆ ಸಾಕ್ಸ್ ಹಾಕಿಸಿದೆ. ಅಷ್ಟಕ್ಕೇ ಅವನು ಅತ್ತ. ನನಗೆ ಭಯವಾಯಿತು.

ಅವತ್ತು ಹೇಳಿದ್ದಷ್ಟು, ಆಮೇಲೆ ಚಿಕಿತ್ಸೆಯ ಟೇಬಲ್ಲಿನ ಮೇಲೆ ಮಲಗಿ ಹೇಳಿದ್ದಷ್ಟು ಸೇರಿಸಿದರೆ ಅವನ ಬದುಕು ಹೀಗೆ. ಉಕ್ಕಿನ ಕಾರ್ಖಾನೆಯ ಸಣ್ಣ ಊರು. ಹನ್ನೊಂದನೇ ವರ್ಷಕ್ಕೆ ದೊಡ್ಡ ಕ್ಲಬ್ಬಿನ ಅಕಾಡೆಮಿ, ಹತ್ತೊಂಬತ್ತಕ್ಕೆ ಮೊದಲ ತಂಡ. ಇಪ್ಪತ್ಮೂರರಲ್ಲಿ ಒಂದು ಶನಿವಾರ ಸ್ಟೇಡಿಯಮ್ಮಿಗೆ ಕಾರು ಓಡಿಸಿಕೊಂಡು ಬಂದವನು ಇಳಿಯಲಾರದೆ ಹೋದ. ಹೊರಗೆ ಜನ ಅವನ ಹೆಸರು ಕೂಗುತ್ತಿದ್ದರು, ಒಳಗೆ ಅವನು ಸ್ಟೀರಿಂಗ್ ಹಿಡಿದು ಕುಳಿತಿದ್ದ. ಕ್ಲಬ್ಬಿನ ಡಾಕ್ಟರು ಒಳ್ಳೆಯವರು, ಮರ್ಯಾದೆ ಉಳಿಯಲಿ ಎಂದು ವೈರಲ್ ಜ್ವರ ಅಂತ ಬರೆದರು. ಅಲ್ಲಿಂದ ಶುರು. ಹತ್ತು ವಾರ ಮಾನಸಿಕ ಆಸ್ಪತ್ರೆಯಲ್ಲಿದ್ದದ್ದು ಕಾಗದದಲ್ಲಿ ಮೊಣಕಾಲಿನ ಆಪರೇಷನ್ ಆಯಿತು. ಮೂರು ಕ್ಲಬ್ಬು ಬದಲಾದವು, ಪ್ರತಿ ಸಲವೂ ಒಂದು ಮೆಟ್ಟಿಲು ಕೆಳಕ್ಕೆ. ಆ ಜಾತಕದಲ್ಲಿದ್ದ ಒಂದೇ ಒಂದು ಗಾಯವೂ ನಿಜವಲ್ಲ. ಎಲ್ಲವೂ ಖಿನ್ನತೆಯೇ.

"ಇಲ್ಲಿಗೆ ಯಾಕೆ ಬಂದೆ?" ಎಂದು ಕೇಳಿದೆ.

"ಇಲ್ಲಿ ನನ್ನನ್ನು ಯಾರೂ ಬಲ್ಲವರಿಲ್ಲ ಅಂದುಕೊಂಡೆ," ಎಂದ. ಕೇರಳದಲ್ಲಿ ಫುಟ್‌ಬಾಲ್ ಆಡುವವನನ್ನು ಬಲ್ಲವರಿಲ್ಲವಂತೆ. ಬಸ್ಸಿನ ಹಿಂಬದಿಯಲ್ಲಿ ಆಗಲೇ ಅವನ ಚಿತ್ರ ಅಂಟಿಸಿದ್ದರು.

ಮನೆಯಿಂದ ತಂದ ಮಾತ್ರೆಗಳು ಮುಗಿಯುತ್ತ ಬಂದಿದ್ದವು, ಒಂದನ್ನು ಅರ್ಧ ಮಾಡಿ ನುಂಗುತ್ತಿದ್ದ. ಯಾರಿಗೂ ಹೇಳಬೇಡ, ಹೇಳಿದರೆ ಇದೂ ಹೋಗುತ್ತದೆ, ಇದು ಹೋದರೆ ನನಗೆ ಬೆಳಿಗ್ಗೆ ಏಳಲು ಕಾರಣವೇ ಇರುವುದಿಲ್ಲ ಎಂದ. ಆ ಕೊನೆಯ ಮಾತು ನನಗೆ ಸರಿಯಾಗಿಯೇ ಕೇಳಿಸಿತು. ಕೇಳಿಸದವನಂತೆ ಏನು ಬರೆಯಲಿ ಎಂದೆ.

"ತೊಡೆ ಬರೆ. ತೊಡೆಯ ಬಗ್ಗೆ ಯಾರೂ ಸಂಶಯಪಡುವುದಿಲ್ಲ."

ಅದು ನಿಜ. ತೊಡೆಯ ಹಿಂಬದಿಯ ಸ್ನಾಯು ಎಳೆದುಕೊಂಡಿದೆ ಎಂದರೆ ಹೊರಗಿನಿಂದ ಏನೂ ಕಾಣುವುದಿಲ್ಲ, ಮುಟ್ಟಿದರೆ ನೋವು ಎಂದರೆ ಮುಗಿಯಿತು. ಬಲತೊಡೆ, ಹತ್ತು ದಿನ ಎಂದು ಬರೆದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ನಾನು ದಿನಾ ಹೋಗಿ ಎಮ್ಮೆಗೆ ಬರೆ ಎಳೆದೆ. ಎಲ್ಲರೆದುರು ಅವನ ಗಟ್ಟಿಮುಟ್ಟಾದ ತೊಡೆಗೆ ಐಸ್ ಇಟ್ಟೆ, ಟೇಪ್ ಸುತ್ತಿದೆ. ಅವನು ಕುಂಟುವುದನ್ನು ಕಲಿತ. ಒಂದು ದಿನ ಬಲಗಾಲಿಗೆ ಟೇಪ್ ಸುತ್ತಿಕೊಂಡು ಎಡಗಾಲು ಕುಂಟುತ್ತ ಊಟದ ಹಾಲಿಗೆ ಬಂದ. ಯಾರೂ ಗಮನಿಸಲಿಲ್ಲ. ನಾವಿಬ್ಬರೂ ಆಮೇಲೆ ಕೋಣೆಯಲ್ಲಿ ಬಿದ್ದು ಬಿದ್ದು ನಕ್ಕೆವು. ಅವನು ನಕ್ಕದ್ದು ಕಂಡು ವಾಸಿಯಾಗುತ್ತಿದ್ದಾನೆ ಎಂದುಕೊಂಡೆ.

ಹತ್ತು ದಿನದ ಮೇಲೆ ಎರಡು ಪಂದ್ಯ ಆಡಿದ, ಮತ್ತೆ ಹಾಸಿಗೆ ಹಿಡಿದ. ಮತ್ತೆ ತೊಡೆ. ಡಿಸೆಂಬರಿನಲ್ಲಿ ಇನ್ನೊಮ್ಮೆ. ಸ್ನಾಯು ಪದೇಪದೇ ಎಳೆದುಕೊಳ್ಳುವುದು ನಮ್ಮ ಕಸುಬಿನಲ್ಲಿ ಮಾಮೂಲು, ಹಾಗಾಗಿ ಸುಳ್ಳು ಚೆನ್ನಾಗಿಯೇ ಬೇರೂರಿತು. ಈ ನಡುವೆ ಅವನು ಎಂಟು ಕಿಲೋ ಇಳಿದ. ಗೆಸ್ಟ್ ಹೌಸಿಗೆ ನಾನು ಕಟ್ಟಿಸಿಕೊಂಡು ಹೋಗುತ್ತಿದ್ದ ಅಪ್ಪಂ, ಕಡಲೆಕರಿ ಪೊಟ್ಟಣದಲ್ಲೇ ಉಳಿಯುತ್ತಿತ್ತು. ಕಿಟಕಿಯಿಂದ ಬಂದರಿನ ಕ್ರೇನುಗಳು ಕಾಣುತ್ತಿದ್ದವು, ಅವನು ಅವನ್ನೇ ನೋಡುತ್ತ ಕುಳಿತಿರುತ್ತಿದ್ದ.

ಜನವರಿಯಲ್ಲಿ ಹೆಂಡತಿಗೆ ಎಲ್ಲ ಹೇಳಿದೆ. ಹೇಳದೆ ಗತಿಯಿರಲಿಲ್ಲ, ನನಗೇ ನಿದ್ದೆ ಬರುತ್ತಿರಲಿಲ್ಲ. ಅವಳು ಬೈಯಲಿಲ್ಲ. "ಎಂತ ಮಾರಾಯ್ರೆ, ಅದಕ್ಕೆ ಡಾಕ್ಟ್ರು ಇರುವುದಲ್ಲವಾ? ಇಲ್ಲಿಗೆ ಕರ್ಕೊಂಡು ಬನ್ನಿ. ಕೊಚ್ಚಿಯಲ್ಲಾದ್ರೆ ಊರಿಗೆಲ್ಲ ಗೊತ್ತಾಗ್ತದೆ," ಎಂದಳು. ತಾನೇ ಫೋನ್ ಮಾಡಿ ಒಬ್ಬ ಮನೋವೈದ್ಯರ ಹತ್ತಿರ ಸೋಮವಾರಕ್ಕೆ ಸಮಯ ತೆಗೆದುಕೊಂಡಳು.

ಗುರುತು ಸಿಗದಿರಲೆಂದು ತಲೆಗೆ ಟೋಪಿ ಹಾಕಿಸಿ ಅವನನ್ನು ರೈಲಿನಲ್ಲಿ ಕರೆದುಕೊಂಡು ಬಂದೆ. ಮೊದಲು ಮನೆಗೆ. ಅವಳು ಮಾಡಿದ ನೀರುದೋಸೆಯನ್ನು ನಾಲ್ಕು ತಿಂದ, ನಾನು ಎಣಿಸಿದೆ. ಮಗಳು ಅವನನ್ನು ಸುತ್ತುಹಾಕಿ ನೋಡಿ ನನ್ನ ಕಿವಿಯಲ್ಲಿ, "ಅಚ್ಛಾ, ಅಂಕಿಳ್ ಎಂದಾ ಒನ್ನುಂ ಮಿಂಡಾತ್ತದ್?" ಎಂದು ಕೇಳಿದಳು. ಅಪ್ಪಾ, ಅಂಕಲ್ ಯಾಕೆ ಮಾತೇ ಆಡುವುದಿಲ್ಲ ಎಂದು. ಸುಸ್ತಾಗಿದೆ ಪುಟ್ಟಾ ಎಂದೆ.

ಕ್ಲಿನಿಕ್ಕಿನಲ್ಲಿ ನಮ್ಮ ಸರದಿಗೆ ಮೊದಲು ಇನ್ನೂ ಇಬ್ಬರಿದ್ದರು. ಮುದಿ ತಾಯಿಯನ್ನು ಕರೆತಂದಿದ್ದ ಒಬ್ಬಾತ ಆಗಿನಿಂದ ಇವನನ್ನೇ ನೋಡುತ್ತಿದ್ದವನು ಎದ್ದು ಬಂದ. ಮುಖ ಅರಳಿತ್ತು. ಪಾಪ, ಒಳ್ಳೆಯ ಮನುಷ್ಯ. ತೊಡೆ ಹೇಗಿದೆ ಎಂದು ಕೇಳಿದ. ಒಂದು ಸೆಲ್ಫಿ ಎಂದ. ಮನೋವೈದ್ಯರ ಬೋರ್ಡಿನ ಕೆಳಗೆ ನಮ್ಮವನು ಎದ್ದು ನಿಂತು, ಆತನ ಹೆಗಲ ಮೇಲೆ ಕೈಹಾಕಿ ನಕ್ಕ. ಪತ್ರಿಕೆಯ ಫೋಟೋಗಳಲ್ಲಿ ನಗುವ ನಗೆ. ಫೋಟೋ ಆದ ಮೇಲೆ ಸೀದಾ ಹೊರಗೆ ನಡೆದ. ನಾನು ಹಿಂದೆ ಓಡಿದೆ. ಎಷ್ಟು ಹೇಳಿದರೂ ತಿರುಗಲಿಲ್ಲ.

ಎಲ್ಲೆಲ್ಲೋ ನಡೆದು ಕೊನೆಗೆ ಚಾಲೈ ಮಾರುಕಟ್ಟೆಗೆ ಬಂದೆವು. ಬಾಳೆಗೊನೆಯ ಗಾಡಿ, ಈರುಳ್ಳಿ ಮೂಟೆ, ತಲೆಹೊರೆಯವರ ಬೈಗುಳ. ಅಲ್ಲಿ ಅವನನ್ನು ಯಾರೂ ನೋಡಲಿಲ್ಲ, ದಾರಿ ಬಿಡು ಎಂದು ನೂಕಿದರು. ಒಂದು ಅಂಗಡಿಯ ಮೆಟ್ಟಿಲ ಮೇಲೆ ಒಂದು ಗಂಟೆ ಕುಳಿತೆವು. "ಇಲ್ಲಿ ನಾನು ಬರೀ ದಾರಿಗೆ ಅಡ್ಡ," ಎಂದ, ಸಮಾಧಾನದಿಂದ. ಬರುವ ವಾರ ಡಾಕ್ಟರನ್ನು ಮನೆಗೇ ಕರೆಸುತ್ತೇನೆ ಎಂದು ಮಾತು ಕೊಟ್ಟೆ. ಡಾಕ್ಟರು ಭಾನುವಾರ ಬೆಳಿಗ್ಗೆ ಬರಲು ಒಪ್ಪಿದರು.

ಆ ಭಾನುವಾರದ ಹಿಂದಿನ ದಿನ ತಿರುವನಂತಪುರದಲ್ಲೇ ನಮ್ಮ ಪಂದ್ಯವಿತ್ತು. ಶುಕ್ರವಾರ ಬೆಳಿಗ್ಗೆ ಕೋಚ್ ನನ್ನ ಕೋಣೆಗೆ ಬಂದರು. ತ್ರಿಶೂರಿನವರು, ನನ್ನನ್ನು ಡಾಕ್ಟರ್ ಎಂದೇ ಕರೆಯುತ್ತಿದ್ದರು. "ಡೋಕ್ಟರೇ, ನಾಳೆ ಅವನ್ ಕಳಿಕ್ಕಣಂ," ಎಂದರು. ನಾಳೆ ಅವನು ಆಡಲೇಬೇಕು. ಇಬ್ಬರು ಡಿಫೆಂಡರುಗಳಿಗೆ ನಿಜವಾದ ಗಾಯ. ಈ ಸಲ ನಾನು ತೊಡೆಗೆಂದು ಬರೆದಿದ್ದ ಹದಿನಾಲ್ಕು ದಿನ ಅವತ್ತಿಗೆ ಮುಗಿದಿತ್ತು. ಇನ್ನೂ ನೋವಿದೆಯೆಂದರೆ ಸ್ಕ್ಯಾನ್ ಮಾಡಿಸುತ್ತೇನೆ ಎಂದರು.

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಸುಳ್ಳು ತೊಡೆಗೂ ವಾಯಿದೆ ಇರುತ್ತದೆ. ಸ್ನಾಯು ಇಷ್ಟು ದಿನಕ್ಕೆ ಕೂಡಲೇಬೇಕು, ಕೂಡದಿದ್ದರೆ ಯಂತ್ರದೊಳಗೆ ಮಲಗಿಸುತ್ತಾರೆ, ಯಂತ್ರ ಚಾಡಿ ಹೇಳುತ್ತದೆ. ಅವನ ಮನಸ್ಸಿಗೆ ಆ ವಾಯಿದೆ ಗೊತ್ತಿರಲಿಲ್ಲ.

ಅವನನ್ನು ಕರೆಸಿದೆ. ಬಾಗಿಲು ಹಾಕಿಕೊಂಡು ಒಳಗೆ ಬಂದ, ಕುಂಟುತ್ತ. ಈ ಸಲ ತಪ್ಪದೆ ಬಲಗಾಲನ್ನೇ ಕುಂಟಿಸುತ್ತಿದ್ದ. ಕೋಣೆಯಲ್ಲಿ ನಾವಿಬ್ಬರೇ. ನಾನು ನಕ್ಕು, "ಇಲ್ಲಿ ಯಾರಿದ್ದಾರೆ ನೋಡುವವರು, ಸಾಕು ನಾಟಕ," ಎಂದೆ. ಅವನು ನಿಂತ. ಆಮೇಲೆ ನೆಟ್ಟಗೆ ನಡೆದು ಬಂದು ಟೇಬಲ್ಲಿನ ಮೇಲೆ ಕುಳಿತ. ಆ ಕುಂಟು ನನಗೆ ತೋರಿಸಲೆಂದೇ, ನನ್ನನ್ನು ಆಡಿಸಬೇಡ ಎಂದು ಅವನು ಕೇಳಿದ ರೀತಿ ಅದು ಎಂದು ನನಗೆ ಹೊಳೆಯಲಿಲ್ಲ. ಹೊಳೆಯಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ.

"ಒಂದು ಪಂದ್ಯ. ಮಾರನೇ ದಿನ ಡಾಕ್ಟರು ಬರುತ್ತಾರೆ. ಆಗುತ್ತದಾ?" ಎಂದೆ.

"ನೀನು ಹೇಳಿದರೆ ಆಗುತ್ತದೆ," ಎಂದ.

ಫಿಟ್ ಎಂದು ಬರೆದೆ.

ಶನಿವಾರ ಮಧ್ಯಾಹ್ನದ ಪಂದ್ಯ. ಅವನು ಬಹಳ ಚೆನ್ನಾಗಿ ಆಡಿದ, ಹಾಗೆ ಆಡಿದ್ದನ್ನು ನಾನು ನೋಡಿರಲಿಲ್ಲ. ಕಾಲಿಗೆ ಹೆದರದೆ, ತಲೆಗೆ ಹೆದರದೆ, ಎಲ್ಲ ಚೆಂಡಿಗೂ ಬಿದ್ದ. ಜನ ಎದ್ದು ನಿಂತು ಕೂಗಿದರು. ನಾನೂ ಕೂಗಿದೆ. ಮೈಮೇಲೆ ಆಸೆಯಿಲ್ಲದವನು ಹಾಗೆ ಆಡುತ್ತಾನೆ ಎಂದು ಈಗ ಗೊತ್ತು. ಆಗ ನಾನು ನನ್ನ ಚಿಕಿತ್ಸೆಯನ್ನೇ ಮೆಚ್ಚಿಕೊಂಡೆ.

ಪಂದ್ಯ ಮುಗಿದು ಎಲ್ಲರೂ ಬಸ್ಸು ಹತ್ತಿದರು, ಅವನಿಲ್ಲ. ಡ್ರೆಸ್ಸಿಂಗ್ ರೂಮಿನಲ್ಲಿ ಅವನ ಬ್ಯಾಗು, ಬೂಟು, ಫೋನು ಎಲ್ಲ ಇದ್ದವು. ಫೋನನ್ನೂ ಬಿಟ್ಟು ಹೋಗಿದ್ದಾನೆ ಎಂದು ಕಂಡಾಗ ಸ್ನಾನದ ಕೋಣೆಗಳ ಬಾಗಿಲನ್ನೆಲ್ಲ ತಳ್ಳಿ ನೋಡಿದೆ. ಉದ್ದೀಪನ ಮದ್ದಿನ ಪರೀಕ್ಷೆಗೆ ಮೂತ್ರ ಕೊಡಲು ಅವನನ್ನು ಕರೆದಿರಬೇಕು ಎಂದರು ಕೋಚ್. ನಾನು ಹೌದು ಹೌದು ಎಂದೆ. ಆಗಲೂ ಬಾಯಿ ಬಿಡಲಿಲ್ಲ.

ಹೊರ ಊರಿನ ಪಂದ್ಯಗಳಿಗೆ ಆಟಗಾರರ ಕಡತಗಳನ್ನು ಒಯ್ಯುತ್ತಿದ್ದೆ. ಅವನ ಅಕ್ಕ ಜರ್ಮನಿಯಲ್ಲಿದ್ದಾಳೆ, ಅವಳಿಗಾದರೂ ಏನಾದರೂ ಹೇಳಿರಬಹುದು ಎಂದು ಅವನ ಕಡತ ತೆರೆದೆ. ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು ಎಂಬಲ್ಲಿ ಅಕ್ಕನ ಹೆಸರನ್ನು ಹೊಡೆದುಹಾಕಿ, ಪಕ್ಕದಲ್ಲಿ ಅವನ ಕೈಬರಹದಲ್ಲಿ ನನ್ನ ಹೆಸರು, ನನ್ನ ನಂಬರು ಬರೆದಿತ್ತು. ಯಾವಾಗ ಬರೆದನೋ. ಅವನಿಗೇನಾದರೂ ಆದರೆ ಪೊಲೀಸರು ನನಗೆ ಫೋನ್ ಮಾಡಿ ಹೇಳಬೇಕು, ಅಷ್ಟೆ. ಹೇಳಬೇಕಾದ ಬೇರೆ ಯಾರೂ ಇರಲಿಲ್ಲ. ಕಡತ ಹಿಡಿದುಕೊಂಡು ಸ್ಟೇಡಿಯಮ್ಮಿನ ಹಿಂದಿನ ಗೋಡೆಗೆ ಒರಗಿ ಅತ್ತೆ. ಆಗ ಫೋನು ಬಂತು, ಎತ್ತಲು ಧೈರ್ಯವಾಗಲಿಲ್ಲ. ಎರಡನೇ ಸಲ ಬಂದಾಗ ನೋಡಿದರೆ ಹೆಂಡತಿ.

"ಅವರು ಇಲ್ಲಿದ್ದಾರೆ. ಅಡುಗೆಮನೆಯಲ್ಲಿ ಕೂತಿದ್ದಾರೆ," ಎಂದಳು. ದನಿ ತಣ್ಣಗಿತ್ತು. "ನೀವು ಬನ್ನಿ. ಒಬ್ಬರೇ ಬನ್ನಿ. ಗಡಿಬಿಡಿ ಮಾಡ್ಬೇಡಿ. ನಾನು ಹತ್ತಿರವೇ ಇದ್ದೇನೆ."

ಅಷ್ಟು ದೂರವನ್ನು ಜೆರ್ಸಿಯಲ್ಲಿ, ರಬ್ಬರ್ ಚಪ್ಪಲಿಯಲ್ಲಿ ನಡೆದುಕೊಂಡು ಬಂದಿದ್ದ. ಈ ಊರಿನಲ್ಲಿ ಅವನಿಗೆ ಗೊತ್ತಿದ್ದ ವಿಳಾಸ ಅದೊಂದೇ. ದೋಸೆಗೆ ಥ್ಯಾಂಕ್ಸ್ ಹೇಳಿ ಹೋಗುತ್ತೇನೆ ಎಂದನಂತೆ. ಎಲ್ಲಿಗೆ ಎಂದು ಅವಳು ಕೇಳಿದಳಂತೆ. ಅವನು ಚಪ್ಪಲಿ ಕಳಚಿ ಮತ್ತೆ ಹಾಕಿಕೊಂಡನಂತೆ. ರಾಕೆಟ್ಟಿನ ಲೆಕ್ಕ ಮಾಡುವ ನನ್ನ ಹೆಂಡತಿ, ಮನೋವಿಜ್ಞಾನದ ಒಂದು ಪುಟವನ್ನೂ ಓದದವಳು, ಸೀದಾ ಕೇಳಿದಳಂತೆ: ನೀವು ಸಾಯಬೇಕು ಅಂತ ಯೋಚಿಸ್ತಿದ್ದೀರಾ? ಹೌದು ಎಂದನಂತೆ. ಕೂತ್ಕೊಳ್ಳಿ ಎಂದು ಒಳಗೆ ಕರೆದು, ಬಾಗಿಲು ಹಾಕಿ, ಎದುರಿಗೆ ಕುರ್ಚಿ ಎಳೆದುಕೊಂಡು ಕುಳಿತಳು. ನಾನು ಹೋದಾಗಲೂ ಹಾಗೇ ಕುಳಿತಿದ್ದಳು, ಅವನ ಕೈ ಅವಳ ಎರಡೂ ಕೈಗಳ ನಡುವೆ ಇತ್ತು. ಭಾನುವಾರದವರೆಗೆ ಕಾಯಲಿಲ್ಲ, ಅದೇ ಸಂಜೆ ಡಾಕ್ಟರ ಆಸ್ಪತ್ರೆಗೆ ಸೇರಿಸಿದೆವು.

ಮರುದಿನ ಬೆಳಿಗ್ಗೆ ಕೋಚ್ ಫೋನ್ ಮಾಡಿದರು. "ಪಿನ್ನೇಯುಂ ತುಡಯಾಣೋ?" ಮತ್ತೆ ತೊಡೆಯಾ ಎಂದು. ಹಾಸಿಗೆಯ ಮೇಲಿದ್ದವನನ್ನು ನೋಡಿದೆ. ಹೇಳು ಎಂದು ತಲೆಯಾಡಿಸಿದ. ಹೇಳಿದೆ. ನೀವು ಒಂದು ಮಾತು ಹೇಳಿದ್ದರೆ ನಾನು ಅವನನ್ನು ಆಡಿಸುತ್ತಿದ್ದೆನಾ ಎಂದು ಕೋಚ್ ಕೇಳಿದರು. ಅವರನ್ನು ಕಟುಕ ಎಂದುಕೊಂಡೇ ಇದ್ದೆ ನಾನು. ಕ್ಲಬ್ಬು ಮಾತ್ರ ತೊಡೆನೋವಿನಿಂದ ಅವನ ಸೀಸನ್ ಮುಗಿದಿದೆ ಎಂದೇ ಪ್ರಕಟಿಸಿತು, ನನ್ನನ್ನು ಕೆಲಸದಿಂದ ತೆಗೆಯಿತು. ಮೂರು ವಾರದ ಮೇಲೆ ಅಕ್ಕ ಬಂದು ಅವನನ್ನು ಊರಿಗೆ ಕರೆದುಕೊಂಡು ಹೋದಳು. ಹೋಗುವಾಗ ನನ್ನ ಹೆಂಡತಿಯ ಕೈ ಹಿಡಿದು ನಿಂತ. ನನ್ನ ಕಡೆ ಬರೀ ತಲೆಯಾಡಿಸಿದ.

ಈಗ ನಾನು ತಿರುವನಂತಪುರದಲ್ಲೇ ಮುದುಕರ ಮಂಡಿನೋವು ನೋಡಿಕೊಂಡಿದ್ದೇನೆ. ಅವನ ಅಕ್ಕ ಆಗೊಮ್ಮೆ ಈಗೊಮ್ಮೆ ನನ್ನ ಹೆಂಡತಿಗೆ ಬರೆಯುತ್ತಾಳೆ. ಒಂದು ತಿಂಗಳು ಚೆನ್ನಾಗಿರುತ್ತಾನೆ, ಒಂದು ತಿಂಗಳು ಹಾಸಿಗೆಯಿಂದ ಏಳುವುದಿಲ್ಲ. ಎರಡು ಸಲ ಆಸ್ಪತ್ರೆಗೆ ಸೇರಿಸಿದ್ದಾರೆ. ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಇವತ್ತಿಗೂ ಮೊದಲ ಸಲಕ್ಕೆ ಎತ್ತುವುದಿಲ್ಲ.

ಮೊನ್ನೆ ಅಂಥದೇ ಒಂದು ಪತ್ರ ಬಂದಿತ್ತು, ಕೆಟ್ಟ ತಿಂಗಳಿನದು. ಹೆಂಡತಿ ಓದಿ ಹೇಳಿ ಫೋನ್ ಕೆಳಗಿಟ್ಟಳು. ಒಂದೂವರೆ ವರ್ಷದಲ್ಲಿ ಒಮ್ಮೆಯೂ ಎತ್ತದ ಮಾತನ್ನು ಅವತ್ತು ಎತ್ತಿದಳು.

"ಅಷ್ಟು ತಿಂಗಳು ದಿನಾ ಅವರ ಜೊತೆ ಇದ್ರಲ್ಲ ನೀವು. ಸಾಯುವ ಯೋಚನೆ ಉಂಟಾ ಅಂತ ಒಂದು ಸಲವಾದ್ರೂ ಎಂತಕ್ಕೆ ಕೇಳ್ಲಿಲ್ಲ?"

ಕೇಳುವುದು ಹೊಳೆಯಲಿಲ್ಲ ಎನ್ನಲು ಹೊರಟವನು ಅವಳ ಮುಖ ನೋಡಿ ಬಿಟ್ಟೆ.

"ಕೇಳಿದ್ರೆ ಹೌದು ಅಂತಿದ್ದ," ಎಂದೆ. "ಆಮೇಲೆ ನಾನು ಫಿಟ್ ಅಂತ ಬರೆಯುವ ಹಾಗಿರ್ಲಿಲ್ಲ."